ಕಿರ್ದಿ ಬರೆಯದೆ ಬಾಗಿಲು ಹಾಕಬೇಡಿ

ಈ ತಿಂಗಳು ಬಂದ ಪತ್ರಗಳಲ್ಲಿ ಒಂದನ್ನು ಬೇರೆ ತೆಗೆದಿಟ್ಟುಕೊಂಡಿದ್ದೆ. ದಾವಣಗೆರೆಯ ಓದುಗರೊಬ್ಬರದು. ಬ್ಯಾಂಕಿನಲ್ಲಿ ಕೆಲಸ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರದ ಮುಖ್ಯ ಭಾಗ ಇಷ್ಟು:

"ದಿನಾ ಒಂದು ಪುಟ ಬರೆಯಬೇಕು ಅಂತ ಯುಗಾದಿ ದಿನ ಶುರು ಮಾಡಿದೆ. ಹನ್ನೊಂದು ದಿನ ನಡೆಯಿತು. ಆಮೇಲೆ ನಿಂತಿತು. ಮೊದಲು ಲ್ಯಾಪ್‌ಟಾಪಿನಲ್ಲಿ ಬರೆದೆ. ಸರಿಹೋಗಲಿಲ್ಲ ಅಂತ ಚರ್ಮದ ರಟ್ಟಿನ ಡೈರಿ ತಂದೆ. 1,400 ರೂಪಾಯಿ ಕೊಟ್ಟು ಇಂಕ್ ಪೆನ್ ತಗೊಂಡೆ. ಅಷ್ಟು ಚೆಂದದ ಡೈರಿಯಲ್ಲಿ ಏನೇನೋ ಗೀಚಿ ಹಾಳು ಮಾಡೋದು ಬೇಡ ಅನ್ನಿಸಿತು. ಈಗ ಟ್ಯಾಬ್ ತಗೊಳ್ಳಲೋ, ಫೋನಿಗೆ ಹೇಳಿ ಬರೆಸಲೋ ಗೊತ್ತಾಗುತ್ತಿಲ್ಲ. ನಮ್ಮ ಅಜ್ಜ ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಜೀವನಪೂರ್ತಿ ಲೆಕ್ಕ ಬರೆದರು. ಆ ಶಿಸ್ತು ನನಗ್ಯಾಕೆ ಬರಲಿಲ್ಲವೋ. ಕೈಯಲ್ಲಿ ಬರೆಯಿರಿ ಅಂತ ನೀವು ಆಗಾಗ ಹೇಳುತ್ತೀರಿ. ಆದರೆ ನಿಮ್ಮ ಪತ್ರಿಕೆಯೇ ಲೇಖನಗಳನ್ನು ಯೂನಿಕೋಡ್‌ನಲ್ಲಿ ಕಳಿಸಿ ಅನ್ನುತ್ತದೆ. ಕೈಬರಹ ಅನ್ನೋದು ಹಿಂದಿನ ತಲೆಮಾರಿನ ಮೋಹ ಅಷ್ಟೇ ಅಲ್ವಾ?"

ಅಜ್ಜನ ವಿಷಯ ಎರಡೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತುಬಿಟ್ಟೆ. ಪೆನ್ನು, ಡೈರಿ, ಟ್ಯಾಬ್ ಎಲ್ಲ ಆಮೇಲೆ ಮಾತಾಡೋಣ. ಮೊದಲು ನಿಮ್ಮ ಅಜ್ಜನ ಪಕ್ಕ ಸ್ವಲ್ಪ ಹೊತ್ತು ಕೂರೋಣ.

ನಮ್ಮ ಸೋದರಮಾವ ರಾಣೆಬೆನ್ನೂರಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದರು. ರಜೆಗೆ ಹೋದಾಗ ನಾನು ಗಲ್ಲಾದ ಪಕ್ಕ ಕೂತಿರುತ್ತಿದ್ದೆ. ಅಲ್ಲಿ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕ ಇರುತ್ತಿತ್ತು. ಅದೇ ಕಿರ್ದಿ. ಅವತ್ತಿನ ಜಮಾ ಅವತ್ತೇ, ಅವತ್ತಿನ ಖರ್ಚು ಅವತ್ತೇ. ಅಲ್ಲಿಂದ ಒಬ್ಬೊಬ್ಬರ ಹೆಸರಿನ ಖಾತೆಗೆ. ರಾತ್ರಿ ಗಲ್ಲಾದ ರೊಕ್ಕಕ್ಕೂ ಪುಸ್ತಕದ ಶಿಲ್ಕಿಗೂ, ಅಂದರೆ ಖರ್ಚು ಕಳೆದು ಉಳಿದ ಮೊತ್ತಕ್ಕೂ, ತಾಳೆ ಆಗಬೇಕು. ಆಗದಿದ್ದರೆ ಬಾಗಿಲು ಹಾಕುವ ಹಾಗಿಲ್ಲ. ಒಂದು ಸಲ ಎಂಟಾಣೆ ವ್ಯತ್ಯಾಸಕ್ಕೆ ಮಾವ ಹತ್ತೂವರೆವರೆಗೆ ಕೂತಿದ್ದರು. ಅತ್ತೆ ಎರಡು ಸಲ ಊಟಕ್ಕೆ ಕರೆದು ಸುಮ್ಮನಾದರು.

ನನಗೆ ಜಾಸ್ತಿ ನೆನಪಿರುವುದು ವ್ಯಾಪಾರ ಇಲ್ಲದ ದಿನಗಳು. ಮಳೆ ಹಿಡಿದು ಒಂದು ನರಪಿಳ್ಳೆಯೂ ಅಂಗಡಿಗೆ ಬಂದಿರುವುದಿಲ್ಲ. ಆದರೂ ಮಾವ ಪುಸ್ತಕ ತೆಗೆಯುತ್ತಿದ್ದರು. ತಾರೀಖು ಹಾಕುತ್ತಿದ್ದರು. ನಿನ್ನೆಯ ಶಿಲ್ಕು ಇವತ್ತಿಗೆ ತಂದು ಬರೆದು ಕೆಳಗೆ ಗೆರೆ ಎಳೆಯುತ್ತಿದ್ದರು. ಇವತ್ತು ಬರೆಯೋದಕ್ಕೆ ಏನೂ ಇಲ್ಲ ಎಂಬ ಮಾತು ಅವರ ಬಾಯಲ್ಲಿ ಬಂದದ್ದೇ ಇಲ್ಲ.

ನಿಮಗೆ ಶಿಸ್ತು ಬರಲಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ನೀವೂ ಬ್ಯಾಂಕಿನಲ್ಲಿ ದಿನದ ಲೆಕ್ಕ ಮುಗಿಸದೆ ಮನೆಗೆ ಹೊರಡುವವರಲ್ಲ. ಅಜ್ಜನ ಗುಣ ನಿಮ್ಮ ಕೈಯಲ್ಲೇ ಇದೆ. ಅಷ್ಟನ್ನೂ ಕಚೇರಿಗೆ ಕೊಟ್ಟು ನಿಮಗಾಗಿ ಕಾಲು ಗಂಟೆ ಉಳಿಸಿಕೊಳ್ಳುತ್ತಿಲ್ಲ, ಅಷ್ಟೇ. ಇದು ಬೈಗುಳವೇ. ಅಕ್ಕರೆಯಿಂದ ಬೈದದ್ದು ಎಂದು ತಗೊಳ್ಳಿ.

ಹನ್ನೊಂದು ದಿನಕ್ಕೆ ನಿಂತಿತು ಎಂಬ ಬೇಸರವೂ ಬೇಡ. ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸ ಅಂಟಿಕೊಳ್ಳುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು ಇದನ್ನು ನಿಜವಾಗಿ ಅಳೆದು ನೋಡಿದರು. 96 ಜನ, 12 ವಾರ. ಒಬ್ಬೊಬ್ಬರೂ ಒಂದು ಸಣ್ಣ ಕೆಲಸ ಆರಿಸಿಕೊಂಡು ದಿನದ ಒಂದು ಗೊತ್ತಾದ ಹೊತ್ತಿಗೆ ಅದನ್ನು ಕಟ್ಟಿಹಾಕಬೇಕು. ಊಟದ ಜೊತೆ ಒಂದು ಲೋಟ ನೀರು ಕುಡಿಯುವಂಥ ಕೆಲಸ. ಅದು ತಾನಾಗಿಯೇ ನಡೆಯುವ ಹಂತಕ್ಕೆ ಬರಲು ಸುಮಾರು 66 ದಿನ ಬೇಕಾಯಿತು. ಕೆಲವರಿಗೆ 18 ದಿನವೇ ಸಾಕಾಯಿತು. ಕೆಲವರಿಗೆ 254 ದಿನ ಬೇಕಾಗಬಹುದು ಎಂದು ಲೆಕ್ಕ ಹಾಕಿದರು. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟ ಇಲ್ಲ ಎಂಬುದೂ ಅದರಲ್ಲೇ ಕಂಡಿತು. ಹಾಗಾಗಿ ನೀವು ಸೋತಿಲ್ಲ. ನಡುದಾರಿಯಲ್ಲಿ ಕೂತಿದ್ದೀರಿ.

ಹೊತ್ತಿಗೆ ಕಟ್ಟಿಹಾಕುವ ಮಾತು ಬಂದಾಗಲೆಲ್ಲ ನನಗೆ ಗದಗ ನೆನಪಾಗುತ್ತದೆ. ವೀರನಾರಾಯಣ ದೇವಸ್ಥಾನದಲ್ಲಿ ಕುಮಾರವ್ಯಾಸನ ಕಂಬ ಎಂದು ಒಂದನ್ನು ತೋರಿಸುತ್ತಾರೆ. ಕವಿ ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲೇ ಬಂದು ಆ ಕಂಬದ ಬಳಿ ಕೂರುತ್ತಿದ್ದನಂತೆ. ಬಟ್ಟೆ ಆರುವವರೆಗೆ ಕಾವ್ಯ ಹರಿಯುತ್ತಿತ್ತಂತೆ. ಆರಿದ ಕೂಡಲೇ ನಿಲ್ಲುತ್ತಿತ್ತಂತೆ. ಐತಿಹ್ಯ ಹೌದು. ಆದರೆ ಎಷ್ಟು ಬಲ್ಲವರು ಕಟ್ಟಿದ ಐತಿಹ್ಯ ನೋಡಿ. ಅದೇ ಜಾಗ, ಅದೇ ಹೊತ್ತು, ಕೆಲಸಕ್ಕೆ ಒಂದು ಅಳತೆ. ಗಡಿಯಾರ ಬೇಡ, ಮೈಮೇಲಿನ ಒದ್ದೆ ಪಂಚೆಯೇ ಸಾಕು. ಬಟ್ಟೆ ಆರಿದ ಮೇಲೂ ಕೂತು ಒದ್ದಾಡಲಿಲ್ಲ ಎಂಬುದೂ ನನಗೆ ಮುಖ್ಯ. ನಾಳೆ ಮತ್ತೆ ಸ್ನಾನ ಇದ್ದೇ ಇದೆ.

ಅದೇ ಕವಿ ತನ್ನ ಭಾರತದ ಮೊದಲಲ್ಲೇ ಹಲಗೆ ಬಳಪ ಹಿಡಿಯಲಿಲ್ಲ, ಇಟ್ಟ ಪದವನ್ನು ಅಳಿಸಲಿಲ್ಲ, ಓಲೆಗರಿಯ ಮೇಲೆ ಕಂಠದ (ಬರೆಯುವ ಕಡ್ಡಿಯ) ಸದ್ದು ನಿಲ್ಲಲಿಲ್ಲ ಎಂದು ಹೇಳಿಕೊಂಡಿದ್ದಾನೆ. ಮೇಷ್ಟರುಗಳು ಇದನ್ನು ಕವಿಯ ಹೆಮ್ಮೆ ಎಂದು ಪಾಠ ಮಾಡುತ್ತಾರೆ. ನಿಜವೇ. ನನಗೆ ಮಾತ್ರ ಕೇಳುವುದು ಆ ಸದ್ದು. ತಾನು ಬರೆಯುವ ಉಪಕರಣದ ಸದ್ದು ಕಿವಿಯಲ್ಲಿ ತುಂಬಿಕೊಂಡವನು ಮಾತ್ರ ಹೀಗೆ ಹೇಳಬಲ್ಲ. ಕಬ್ಬಿಣದ ಕಂಠದಿಂದ ಗರಿಯ ಮೇಲೆ ಕೊರೆಯಬೇಕು. ಆಮೇಲೆ ಮಸಿ ಸವರಿದರೆ ಅಕ್ಷರ ಕಪ್ಪಗೆ ಏಳುತ್ತದೆ. ನೇರ ಗೆರೆ ಎಳೆದರೆ ಗರಿ ಸೀಳುತ್ತದೆ. ನಮ್ಮ ಅಕ್ಷರ ಇಷ್ಟು ದುಂಡಗಾಗಿದ್ದಕ್ಕೆ ಇದೂ ಒಂದು ಕಾರಣ ಎನ್ನುತ್ತಾರೆ ತಿಳಿದವರು. ನಾವು ಕುಮಾರವ್ಯಾಸರಲ್ಲ, ನಮಗೆ ಹಲಗೆ ಬಳಪ ಬೇಕೇ ಬೇಕು. ಅಂದರೆ ಕರಡು ಬೇಕು. ಹೊಡೆದು ಹಾಕಲು ಅಂಜಿಕೆ ಆಗದಂಥ ಅಗ್ಗದ ಪುಸ್ತಕ ಬೇಕು.

ನಿಮ್ಮ ಚರ್ಮದ ಡೈರಿ ಎಡವಿದ್ದು ಇಲ್ಲೇ. ಅದನ್ನು ಮದುವೆ ಸೀರೆಯ ಹಾಗೆ ಬೀರುವಿನಲ್ಲಿ ಇಡಿ. ದಿನದ ಕೆಲಸಕ್ಕೆ ನೂಲಿನ ಸೀರೆ ಬೇಕು. 'ಕಡತ' ಎಂಬ ಪದ ಇವತ್ತು ಸರ್ಕಾರಿ ಕಚೇರಿಯ ಫೈಲಿಗೆ ಸಿಕ್ಕಿಕೊಂಡಿದೆ. ಮೊದಲು ಅದು ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಸಿ ಇಟ್ಟುಕೊಳ್ಳುತ್ತಿದ್ದರು. ಬಳಪದಲ್ಲಿ ಬರೆಯುತ್ತಿದ್ದರು. ಬೇಡವಾದರೆ ಒರೆಸಿ ಮತ್ತೆ ಬರೆಯುತ್ತಿದ್ದರು. ವ್ಯಾಪಾರಿಗಳ ಲೆಕ್ಕ, ಮಠಗಳ ದಾಖಲೆ ಎಲ್ಲ ಇಂಥ ಕಡತಗಳಲ್ಲಿ ಉಳಿದು ಬಂದಿವೆ. ಅಡುಗೆಮನೆಯಲ್ಲಿ ಉಳಿದ ಹುಣಸೆ ಬೀಜ, ಒಲೆಯಲ್ಲಿ ಉಳಿದ ಇದ್ದಿಲು. ಅಷ್ಟರಲ್ಲಿ ಒಂದು ನಾಡಿನ ಲೆಕ್ಕ ನಡೆಯಿತು. ಗಾಂಧೀಜಿ 1909ರ ನವೆಂಬರಿನಲ್ಲಿ ಇಂಗ್ಲೆಂಡಿನಿಂದ ದಕ್ಷಿಣ ಆಫ್ರಿಕಾಕ್ಕೆ ಹಡಗಿನಲ್ಲಿ ಹೋಗುವಾಗ ಸ್ವರಾಜ್ಯದ ಬಗ್ಗೆ ಪೂರಾ ಒಂದು ಪುಸ್ತಕ ಬರೆದರು. ಹತ್ತು ದಿನದ ಕೆಲಸ. ಕಾಗದ ಹಡಗಿನದೇ. ಬಲಗೈ ಸೋತಾಗ ಎಡಗೈಯಲ್ಲಿ ಬರೆದರು.

ಬರೆಯುವ ಹೊತ್ತಿನ ವಿಷಯಕ್ಕೆ ಇಂಗ್ಲಿಷ್ ಕಾದಂಬರಿಕಾರ ಆಂಥೊನಿ ಟ್ರೊಲೋಪ್ ನಿಮಗೆ ಹತ್ತಿರದವನು. ಅವನೂ ನಿಮ್ಮ ಹಾಗೆ ನೌಕರ. ಅಂಚೆ ಇಲಾಖೆಯಲ್ಲಿ ದೊಡ್ಡ ಕೆಲಸ. ಬೆಳಿಗ್ಗೆ 5.30ಕ್ಕೆ ಮೇಜಿನ ಮುಂದೆ ಇರಬೇಕು. ಎಬ್ಬಿಸಿ ಕಾಫಿ ಕೊಡುವುದಕ್ಕೆಂದೇ ಮನೆಯ ಆಳಿಗೆ ವರ್ಷಕ್ಕೆ 5 ಪೌಂಡ್ ಜಾಸ್ತಿ ಕೊಡುತ್ತಿದ್ದ. ಗಡಿಯಾರ ಮುಂದಿಟ್ಟುಕೊಂಡು ಕಾಲು ಗಂಟೆಗೆ 250 ಪದ ಬರೆಯುತ್ತಿದ್ದ. ಇದನ್ನೆಲ್ಲ ಆತ್ಮಕಥೆಯಲ್ಲಿ ಅವನೇ ಹೇಳಿಕೊಂಡಿದ್ದಾನೆ. ಒಟ್ಟು 47 ಕಾದಂಬರಿ ಬರೆದ. ನಮ್ಮ ಶಿವರಾಮ ಕಾರಂತರ ಕಾದಂಬರಿಗಳ ಲೆಕ್ಕವನ್ನೂ 47 ಎಂದೇ ಕೊಡುತ್ತಾರೆ. ಈ ಎರಡು ಸಂಖ್ಯೆ ಒಂದೇ ಎಂದು ಗೊತ್ತಾದ ದಿನ ನನಗೆ ಆದ ಸಂತೋಷ ಹೇಳತೀರದು.

ಕಾರಂತರ ಹೆಸರು ಎತ್ತಿದ ಮೇಲೆ ಒಂದು ಮಾತು ಹೇಳಲೇಬೇಕು. ಅವರು ನಂತರದ ವರ್ಷಗಳಲ್ಲಿ ಹೇಳಿ ಬರೆಸುತ್ತಿದ್ದರು. ಬರೆದುಕೊಂಡವರು ಮಾಲಿನಿ ಮಲ್ಯ. ಫೋನಿಗೆ ಹೇಳಿ ಬರೆಸುವುದೂ ಅದೇ ಅಲ್ವಾ ಎಂದು ನೀವು ಕೇಳಬಹುದು. ಒಂದು ವ್ಯತ್ಯಾಸ ಇದೆ. ಅಲ್ಲಿ ಒಂದು ಕೈ ಇತ್ತು. ಕನ್ನಡ ಬಲ್ಲ ಕೈ. ಅದರ ವೇಗಕ್ಕೆ ಮಾತು ಕಾಯಬೇಕಿತ್ತು. ಫೋನು ಹಾಗೆ ಕಾಯಿಸುವುದಿಲ್ಲ. ಅದಕ್ಕೆ ಸುಮ್ನೆ ಸಾಲು ಸಾಲಾಗಿ ಮಾತು ಸುರಿಯುತ್ತದೆ, ವಾಕ್ಯ ಕೂಡುವುದಿಲ್ಲ.

ಈಗ ಕೀಲಿಮಣೆಯ ಮಾತು. ನೀವು ಹೇಳಿದ್ದರಲ್ಲಿ ಸತ್ಯ ಇದೆ, ಇಲ್ಲವೆನ್ನುವುದಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ ದೊಡ್ಡ ಉಪಕಾರ. ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡ ಪೂರ್ತಿ ಕೂತಿತು. ಕೈ ನಡುಗುವವರಿಗೆ, ಬೆರಳು ನೋವಿರುವವರಿಗೆ, ಕಣ್ಣು ಕಾಣದವರಿಗೆ ಯಂತ್ರ ವರವೇ ಸರಿ. ಪತ್ರಿಕೆ ಹೊರಬರುವುದೂ ಅದರಿಂದಲೇ. ಇಷ್ಟು ಹೇಳಿ ನನ್ನ ಕಡೆಗೆ ಬರುತ್ತೇನೆ.

'ಸೂರ್ಯ' ಎಂದು ಒಂದು ಹಾಳೆಯ ಮೇಲೆ ಬರೆಯಿರಿ. ಸೂ ಬರೆಯುತ್ತೀರಿ, ಯ ಬರೆಯುತ್ತೀರಿ, ಕೊನೆಗೆ ಪಕ್ಕದಲ್ಲಿ ಅರ್ಕಾವೊತ್ತು ಹಾಕುತ್ತೀರಿ. ಈಗ ಅದನ್ನೇ ಬೆರಳಚ್ಚು ಮಾಡಿ. ರ ಮೊದಲು ಒತ್ತಬೇಕು, ಯ ಆಮೇಲೆ. ಉಚ್ಚಾರಣೆಗೆ ಕೀಲಿಮಣೆಯೇ ಹತ್ತಿರ. ಆದರೆ ಕೈ ಮಾಡುವ ಕೆಲಸ ನೋಡಿ. ರಕಾರವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡೇ ಯ ಬರೆದು, ಆಮೇಲೆ ಅದನ್ನು ಇಳಿಸುತ್ತದೆ. ಕನ್ನಡ ಬರೆಯುವ ಕೈ ಹೀಗೆ ಹಿಂದೆ ಮುಂದೆ ನೋಡುತ್ತಲೇ ಇರುತ್ತದೆ. ಒತ್ತಕ್ಷರಕ್ಕೆ ಕೆಳಗಿಳಿಯುತ್ತದೆ, ಗುಡಿಸಿಗೆ ಮೇಲೇರುತ್ತದೆ. ಈ ನಿಧಾನದಲ್ಲಿ ಮುಂದಿನ ಪದ ಬರುತ್ತದೆ. ನನಗಂತೂ ಹಾಗೇ ಬರುತ್ತದೆ.

ಅಮೆರಿಕದ ಇಬ್ಬರು ಸಂಶೋಧಕರು 2014ರಲ್ಲಿ, ಕೈಯಲ್ಲಿ ಟಿಪ್ಪಣಿ ಬರೆದುಕೊಂಡ ವಿದ್ಯಾರ್ಥಿಗಳು ಲ್ಯಾಪ್‌ಟಾಪಿನವರಿಗಿಂತ ವಿಷಯವನ್ನು ಚೆನ್ನಾಗಿ ಹಿಡಿದರು ಎಂದು ತೋರಿಸಿದ್ದರು. ಬೇರೆಯವರು ಅದನ್ನು ಮತ್ತೆ ಮಾಡಿ ನೋಡಿದಾಗ ಫಲ ಅಷ್ಟು ಖಚಿತವಾಗಿ ಬರಲಿಲ್ಲ. ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ನನ್ನ ಸಾಕ್ಷಿ ಬೇರೆ ಇದೆ. ಶಿರಸಿ ಕಡೆಯ ಹಿರಿಯರೊಬ್ಬರು ನಮಗೆ ಲೇಖನ ಕಳಿಸುತ್ತಾರೆ. ಅಡಿಕೆ ತೋಟ ನೋಡಿಕೊಳ್ಳುವವರು. ಕೈಬರಹ, ಅಂಚೆ ಲಕೋಟೆ. ಕಳೆದ ಸಲದ ಲೇಖನದಲ್ಲಿ 'ಮಳೆ ಜೋರಾಗಿ ಬಂತು' ಎಂದು ಬರೆದು ಹೊಡೆದು ಹಾಕಿದ್ದರು. ಮೇಲೆ 'ಮಳೆ ಸುರಿಯಿತು' ಎಂದಿತ್ತು. ಅದನ್ನೂ ಹೊಡೆದಿದ್ದರು. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ 'ಮಳೆ ಹಿಡಿಯಿತು' ಎಂದಿತ್ತು. ಆ ಮೂರು ಮಳೆಗಳನ್ನು ನೋಡುತ್ತಾ ನಾನು ಸುಮಾರು ಹೊತ್ತು ಕೂತಿದ್ದೆ. ಒಬ್ಬ ಮನುಷ್ಯ ಸರಿಯಾದ ಪದಕ್ಕೆ ನಡೆದುಕೊಂಡು ಹೋದ ದಾರಿ ಅದು. ಬೆರಳಚ್ಚಿನ ಪ್ರತಿಯಲ್ಲಿ ಊರು ಮಾತ್ರ ಕಾಣುತ್ತದೆ, ದಾರಿ ಅಳಿಸಿಹೋಗಿರುತ್ತದೆ.

ಇನ್ನೊಂದು ನನ್ನದೇ ನೋವು. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಒಂದೊಂದು ಫಾಂಟಿಗೆ ಒಂದೊಂದು ಸಂಕೇತ ಇತ್ತು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಆಗ ನಾನು ಆರು ವರ್ಷ ಬರೆದದ್ದು ಫ್ಲಾಪಿಗಳಲ್ಲಿತ್ತು. ಫ್ಲಾಪಿ ತೆರೆಯುವ ಯಂತ್ರ ಹುಡುಕಿ ತೆರೆಸಿದರೂ ಅಕ್ಷರ ಓದಲಾಗಲಿಲ್ಲ. ಅದಕ್ಕೂ ಹಿಂದಿನ, ಕಾಲೇಜು ದಿನಗಳ ನೋಟ್‌ಬುಕ್ಕುಗಳು ಅಟ್ಟದಲ್ಲಿವೆ. ಅಂಚು ಗೆದ್ದಲು ತಿಂದಿದೆ. ಮೊನ್ನೆ ತೆಗೆದು ಓದಿದೆ. ಒಂದಕ್ಷರ ಬಿಡದೆ ಓದಿದೆ.

ಹಾಗಾದರೆ ಏನು ಕೊಳ್ಳಬೇಕು? ಅಗಲ ಗೆರೆಯ ನೋಟ್‌ಬುಕ್ಕು. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಪುಸ್ತಕಗಳ ಗೆರೆ ಇಂಗ್ಲಿಷಿಗೆ ಹೊಂದುವಂಥದ್ದು. 'ರಾಷ್ಟ್ರ' ಎಂದು ಬರೆಯಿರಿ. ಷ, ಅದರ ಕೆಳಗೆ ಟ, ಅದಕ್ಕೂ ಕೆಳಗೆ ರ. ಕೆಳಗಿನ ಸಾಲಿನ ತಲೆಗೆ ಕಾಲು ತಗುಲುತ್ತದೆ. ಗೆರೆ ಇಕ್ಕಟ್ಟಾದರೆ ಅಕ್ಷರ ಮುದುಡುತ್ತದೆ. ಮುದುಡಿದ ಅಕ್ಷರ ನೋಡಿ ನನ್ನ ಕೈಬರಹ ಚೆನ್ನಾಗಿಲ್ಲ ಎಂದು ಬರೆಯುವುದನ್ನೇ ಬಿಟ್ಟವರನ್ನು ಬಲ್ಲೆ. ಅಗಲ ಗೆರೆ ಸಿಗದಿದ್ದರೆ ಗೆರೆ ಇಲ್ಲದ ಹಾಳೆ, ಇಲ್ಲವೇ ಒಂದು ಗೆರೆ ಬಿಟ್ಟು ಒಂದರಲ್ಲಿ ಬರೆಯಿರಿ. ಪೆನ್ನು ಯಾವುದಾದರೂ ಆದೀತು, ಒತ್ತಿ ಬರೆಯುವಂತಿರಬಾರದು ಅಷ್ಟೇ. ಬಾಲ್ ಪೆನ್ನಿನ ಶಾಯಿ ಗಟ್ಟಿ. ದುಂಡಕ್ಷರ ಒತ್ತಿ ಒತ್ತಿ ಬರೆದರೆ ಎರಡು ಪುಟಕ್ಕೆ ಮಣಿಕಟ್ಟು ನೋಯುತ್ತದೆ. ನಿಮ್ಮ 1,400 ರೂಪಾಯಿಯ ಇಂಕ್ ಪೆನ್ನು ಈಗಾಗಲೇ ಇದೆಯಲ್ಲ, ಅದನ್ನು ಅಗ್ಗದ ಪುಸ್ತಕದ ಮೇಲೆ ಓಡಿಸಿ. ಟ್ಯಾಬ್ ಬೇಡ.

ಇದನ್ನು ಬರೆಯುವಾಗ ನನಗೆ ಸಿಟ್ಟೂ ಬರುತ್ತಿದೆ, ನಿಮ್ಮ ಮೇಲಲ್ಲ. ಹೋದ ತಿಂಗಳು ಒಂದು ಬಾಟಲಿ ಶಾಯಿಗೆ ನಮ್ಮ ಊರಿನಲ್ಲಿ ಐದು ಅಂಗಡಿ ಸುತ್ತಿದೆ. ನಾಲ್ಕರಲ್ಲಿ ಪ್ರಿಂಟರ್ ಶಾಯಿ ಬೇಕಾ ಎಂದು ಕೇಳಿದರು. ಭದ್ರಾವತಿಯಲ್ಲಿ ಅರಸರ ಕಾಲದಲ್ಲಿ ಶುರುವಾದ ಕಾಗದದ ಕಾರ್ಖಾನೆ ಇತ್ತು. ಎಷ್ಟೋ ಪತ್ರಿಕೆಗಳು ಅಚ್ಚಾದದ್ದು ಅದರ ಕಾಗದದ ಮೇಲೆ. ಆ ಯಂತ್ರಗಳು ನಿಂತು ವರ್ಷಗಳಾದವು. ಕನ್ನಡ ಮಾತಾಡುವ, ಕನ್ನಡ ಓದಲೂ ಬರುವ ಮಕ್ಕಳು ಫೋನಿನಲ್ಲಿ ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತುತ್ತಾರೆ. ಕನ್ನಡದಲ್ಲೇ ಒತ್ತುವವರಿಗೂ ಫೋನು ಅರ್ಧಕ್ಕೇ ಪದ ಮುಗಿಸಿಕೊಡುತ್ತದೆ. ಅದು ಕೊಡುವುದು ಎಲ್ಲರೂ ಬಳಸುವ ಪದ. ನಮ್ಮ ಕಡೆ ನೆಲದಲ್ಲಿ ತೋಡಿ ಕಾಳು ತುಂಬಿಡುವ ಕುಣಿಗೆ ಹಗೇವು ಎನ್ನುತ್ತಾರೆ. ನಾನು 'ಹಗೇವು' ಎಂದು ಒತ್ತಿದರೆ ಕೆಳಗೆ ಕೆಂಪು ಗೆರೆ ಬಂತು. ಹಗೇವಿನಲ್ಲಿ ಜೋಳ ಇಟ್ಟು ಬರಗಾಲ ದಾಟಿದ ಜನರ ಪದ ಅದು. ಅದು ತಪ್ಪು ಎಂದು ಯಂತ್ರ ಹೇಳಿದರೆ ಮುಂದಿನ ಹುಡುಗ ಅದನ್ನು ಬಿಟ್ಟು 'ಉಗ್ರಾಣ' ಎನ್ನುತ್ತಾನೆ. ಹೀಗೆ ದಿನಕ್ಕೊಂದು ಪದ ಜಾರುತ್ತದೆ. ಪೆನ್ನು ಯಾವ ಪದಕ್ಕೂ ಕೆಂಪು ಗೆರೆ ಎಳೆಯುವುದಿಲ್ಲ.

ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ನೋಡಿದ್ದೀರಾ? ಎಂಟು ಸಂಪುಟ. 1940ರ ದಶಕದಲ್ಲಿ ಶುರುವಾದ ಕೆಲಸ 1995ರಲ್ಲಿ ಮುಗಿಯಿತು. ಶಾಸನ ಓದಿ, ಕಾವ್ಯ ಓದಿ, ಒಂದೊಂದು ಪದವನ್ನು ಒಂದೊಂದು ಚೀಟಿಗೆ ಇಳಿಸಿದ ಕೆಲಸ. ಅವರಲ್ಲಿ ಎಷ್ಟೋ ಜನ ಕೊನೆಯ ಸಂಪುಟ ನೋಡಲು ಬದುಕಿರಲಿಲ್ಲ. ಆದರೂ ಅವತ್ತಿನ ಚೀಟಿ ಅವತ್ತು ಬರೆದರು. ಅದೂ ಕಿರ್ದಿಯೇ.

ಯೂನಿಕೋಡ್‌ನಲ್ಲಿ ಕಳಿಸಿ ಎಂಬ ನಮ್ಮ ಸೂಚನೆ ನಿಮ್ಮನ್ನು ಚುಚ್ಚಿದೆ. ಚುಚ್ಚಬೇಕಾದದ್ದೇ. ಕಚೇರಿಯಲ್ಲಿ ಇರುವುದು ನಾಲ್ಕು ಜನ, ಬೆರಳಚ್ಚಿಗೆ ಕೈ ಸಾಲದು ಎಂದು ಹಾಕಿದ್ದ ಸಾಲು ಅದು. ಮುಂದಿನ ಸಂಚಿಕೆಯಿಂದ 'ಕೈಬರಹವೂ ಆಗುತ್ತದೆ' ಎಂದು ಸೇರಿಸುತ್ತೇವೆ.

ನೀವು ಮಾಡಬೇಕಾದದ್ದು ಇಷ್ಟು. ರಾತ್ರಿ ಊಟ ಆಗಿ ಅಡುಗೆಮನೆ ಕಟ್ಟೆ ಒರೆಸಿದ ಮೇಲೆ ದಿನಾ ಅದೇ ಮೇಜಿನ ಮೇಲೆ ಪುಸ್ತಕ ತೆಗೆಯಿರಿ. ಕಟ್ಟೆಯ ನೀರು ಆರುವವರೆಗೆ ಬರೆಯಿರಿ. ಅವತ್ತು ಏನು ಬಂತು, ಏನು ಹೋಯಿತು. ಕೌಂಟರಿನ ಮುಂದೆ ನಿಂತ ಯಾರದೋ ಒಂದು ಮಾತು, ಬಸ್ಸಿನಲ್ಲಿ ಕೇಳಿದ ಒಂದು ಪದ. ಏನೂ ಇಲ್ಲದ ದಿನ ತಾರೀಖು ಹಾಕಿ, ನಿನ್ನೆಯ ಕೊನೆಯ ಸಾಲನ್ನು ಇವತ್ತಿನ ಮೊದಲ ಸಾಲಾಗಿ ಮತ್ತೆ ಬರೆದು ಗೆರೆ ಎಳೆಯಿರಿ. ಸರಸ್ವತಿ ಪೂಜೆಗೆ ಪುಸ್ತಕ ಇಟ್ಟ ದಿನಗಳಲ್ಲಿ ಬೇಕಾದರೆ ಬಿಡಿ.

ಮತ್ತೆ ಒಂದು ಕೆಲಸ. ಅಜ್ಜನ ಕಿರ್ದಿ ಮನೆಯಲ್ಲಿ ಒಂದಾದರೂ ಉಳಿದಿದೆಯಾ ನೋಡಿ. ಅಟ್ಟದಲ್ಲಿ, ಹಳೆ ಟ್ರಂಕಿನಲ್ಲಿ, ದೊಡ್ಡಪ್ಪನ ಮನೆಯಲ್ಲಿ ಕೇಳಿ. ಸಿಕ್ಕರೆ ಒಂದು ಪುಟದ ಫೋಟೊ ತೆಗೆದು, ಅದರ ಜೊತೆ ನಿಮ್ಮ ಹನ್ನೆರಡನೇ ದಿನದ ಪುಟವನ್ನು ಅಂಚೆಯಲ್ಲಿ ಕಳಿಸಿ. ಹೊಡೆದು ಹಾಕಿದ್ದೆಲ್ಲ ಹಾಗೇ ಇರಲಿ. ಬೆರಳಚ್ಚು ನಾನೇ ಮಾಡಿಕೊಳ್ಳುತ್ತೇನೆ.